ಸಕ್ಕರೆಗೆ ಬೀಗ

ಸಕ್ಕರೆ ಕಾಯಿಲೆ ಬಂದಿದೆ ಎಂದು ಗೊತ್ತಾದಾಗ ಕೆಲವರು ಹೆದರುತ್ತಾರೆ, ಕೆಲವರು ಅಳುತ್ತಾರೆ. ಬೀಗದಣ್ಣನಿಗೆ ಸಿಟ್ಟು ಬಂತು. ಮೂವತ್ತು ವರ್ಷ ಊರಿನ ಬಾಗಿಲುಗಳಿಗೆಲ್ಲ ಬೀಗ ಮಾಡಿಕೊಟ್ಟವನ ಮೈಯೊಳಗೇ, ಹೇಳದೆ ಕೇಳದೆ, ಒಂದು ಕಾಯಿಲೆ ನುಗ್ಗುವುದೆಂದರೇನು?

"ತಿಂಡಿಗೆ ಮುಂಚೆ ಒಂದು ಮಾತ್ರೆ. ನುಂಗಿದ ಮೇಲೆ ತಿಂಡಿ ಮಾತ್ರ ತಪ್ಪಿಸಬೇಡಿ," ಎಂದರು ಡಾಕ್ಟರಮ್ಮ. "ಸಿಹಿ ಕಡಿಮೆ ಮಾಡಿ, ಹೊತ್ತು ಹೊತ್ತಿಗೆ ಹಿತಮಿತವಾಗಿ ತಿನ್ನಿ. ಸಕ್ಕರೆ ಹತೋಟಿಯಲ್ಲಿದ್ರೆ ಕಣ್ಣು, ಕಿಡ್ನಿ, ಕಾಲು ಎಲ್ಲ ಚೆನ್ನಾಗಿರುತ್ತೆ. ಅದು ಏರಲೂಬಾರದು, ತೀರಾ ಇಳಿಯಲೂಬಾರದು."

ಇಷ್ಟರಲ್ಲಿ ಬೀಗದಣ್ಣನ ಕಿವಿಗೆ ಬಿದ್ದದ್ದು 'ಕಡಿಮೆ ಮಾಡಿ' ಎಂಬ ಎರಡೇ ಮಾತು. ಅದೂ ಅವನಿಗೆ ಹಿಡಿಸಲಿಲ್ಲ. ಕಡಿಮೆ ಮಾಡುವುದು ಹೇಡಿಗಳ ಕೆಲಸ. ಗಂಡಸಾದವನು ಬಂದ್ ಮಾಡಬೇಕು.

"ಇವತ್ತಿನಿಂದ ಈ ಮನೇಲಿ ಸಿಹಿ ಬಂದ್," ಎಂದು ಅವನು ಅಡುಗೆಮನೆಯ ಹೊಸಿಲ ಮೇಲೆ ನಿಂತು ಘೋಷಿಸಿದ. "ಎಲ್ಲರಿಗೂ."

ಮಗಳ ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿ ಸುತ್ತಮುತ್ತ ನೋಡಿದಳು.

"ಎಲ್ಲರೂ ಅಂದ್ರೆ ಯಾರು? ಇರೋದು ನಾನೊಬ್ಬಳು. ಕಾಯಿಲೆ ನಿಮಗೆ, ಪಥ್ಯ ನನಗ್ಯಾಕೆ?"

"ನೀನು ಸಿಹಿ ಟೀ ಕುಡಿಯೋದನ್ನ ನಾನು ನೋಡಬೇಕಲ್ಲ."

"ಯಾರು ನೋಡಿ ಅಂದ್ರು? ಆ ಕಡೆ ತಿರುಗಿ ಕೂತ್ಕೊಳ್ಳಿ."

ಬೀಗದಣ್ಣ ವಾದಕ್ಕೆ ನಿಲ್ಲಲಿಲ್ಲ. ಸಕ್ಕರೆ ಡಬ್ಬಿ, ಜಾಮು, ಜೇನುತುಪ್ಪ, ಬಿಸ್ಕತ್ತು, ಒಣದ್ರಾಕ್ಷಿ ಎಲ್ಲವನ್ನೂ ಮರದ ಬೀರುವಿನೊಳಗೆ ತಳ್ಳಿದ. ಸಿಹಿಯಾಗಿದೆಯೆಂಬ ಅನುಮಾನದ ಮೇಲೆ ಕೆಮ್ಮಿನ ಔಷಧಿಯನ್ನೂ ಬಂಧಿಸಿದ. ತಾನೇ ಕೈಯಾರೆ ಮಾಡಿದ ಏಳು ಲಿವರಿನ ಬೀಗ ಜಡಿದು, ಕೀಯನ್ನು ಮನೆಯ ಮುಂಭಾಗದಲ್ಲಿದ್ದ ತನ್ನ ಅಂಗಡಿಯ ಗೋಡೆಗೆ ತೂಗುಹಾಕಿದ. ಆ ಗೋಡೆಯ ಮೊಳೆಗಳಲ್ಲಿ ಆಗಲೇ ಸುಮಾರು ಆರುನೂರು ಕೀಗಳು ನೇತಾಡುತ್ತಿದ್ದವು. ಇದಕ್ಕಿಂತ ಭದ್ರವಾದ ಜಾಗ ಭೂಮಿಯ ಮೇಲಿಲ್ಲ ಎಂದು ಬೀಗದಣ್ಣ ಬೀಗಿದ.

ಮುಂದಿನ ಹತ್ತು ದಿನ ಆ ಮನೆಯಲ್ಲಿ ಸಿಟ್ಟೇ ಊಟ, ಸಿಟ್ಟೇ ತಿಂಡಿ. ನಕಲಿ ಕೀ ಕೇಳಿಕೊಂಡು ಬಂದವರಿಗೆ, "ಒಂದನ್ನೇ ಜೋಪಾನ ಮಾಡೋಕಾಗಲ್ಲ, ಎರಡು ಇಟ್ಕೊಂಡು ಏನು ಮಾಡ್ತೀರಿ?" ಎಂದು ಬೈದು ಕಳಿಸಿದ. ಹೆಂಡತಿ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ಪಾತ್ರೆಗಳ ಮೂಲಕ ಹೇಳತೊಡಗಿದಳು. ತಟ್ಟೆ ಕುಕ್ಕಿದರೆ 'ತಿನ್ನಿ' ಎಂದರ್ಥ. ಮುಚ್ಚಳ ಎಸೆದರೆ ಅರ್ಥ ಬರೆಯುವಂಥದ್ದಲ್ಲ.

ಹನ್ನೊಂದನೆಯ ದಿನ, ಭಾನುವಾರ ಬೆಳಿಗ್ಗೆ, ಮಗಳ ಮಾವ ಬಂದರು. ಲೈಬ್ರರಿಯಲ್ಲಿ ಪುಸ್ತಕಗಳನ್ನು ನಂಬರಿನ ಪ್ರಕಾರ ಜೋಡಿಸಿ ಜೋಡಿಸಿ ನಿವೃತ್ತರಾದ ಮೆತ್ತನೆಯ ಮನುಷ್ಯ. ಈ ಬೀಗರು ಬೀಗದಣ್ಣನ ಬೀಗಗಳಂತಲ್ಲ. ಯಾರು ಮುಟ್ಟಿದರೂ ತೆರೆದುಕೊಳ್ಳುವಂಥವರು.

ಬೀಗದಣ್ಣ ಆಗಷ್ಟೇ ಮಾತ್ರೆ ನುಂಗಿ ತಿಂಡಿಯ ತಟ್ಟೆಯ ಮುಂದೆ ಕುಳಿತಿದ್ದ. ಹೆಂಡತಿ ಹತ್ತು ದಿನದ ಮೌನ ಮುರಿದಳು.

"ಕೀ ಕೊಡಿ. ಬೀಗರಿಗೆ ಟೀ ಮಾಡಬೇಕು."

"ಸಕ್ಕರೆ ಇಲ್ಲದೆ ಮಾಡು. ಅವರ ಆರೋಗ್ಯಕ್ಕೂ ಒಳ್ಳೇದು."

"ನನಗೆ ಹೇಗಾದ್ರೂ ಆಗುತ್ತೆ," ಎಂದರು ಬೀಗರು ಗಾಬರಿಯಿಂದ.

"ನೀವು ಸುಮ್ನಿರಿ," ಎಂದರು ಗಂಡಹೆಂಡಿರಿಬ್ಬರೂ ಒಟ್ಟಿಗೆ. ಹತ್ತು ದಿನಗಳಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

"ಮನೆಗೆ ಬಂದವರ ಮುಂದೆ ಮಾನ ಕಳೀತೀರಲ್ಲ. ನೀವು ಮನುಷ್ಯರಾ?"

"ಅಲ್ಲ. ತಿಂಡೀನೂ ಬೇಡ, ಏನೂ ಬೇಡ." ಬೀಗದಣ್ಣ ತಟ್ಟೆ ತಳ್ಳಿ ಎದ್ದ. ಹಿಂದಿನ ರಾತ್ರಿಯೂ ಹೀಗೆಯೇ ಅರ್ಧಕ್ಕೆ ಎದ್ದಿದ್ದ. ಊಟದ ಮೇಲೆ ಸಿಟ್ಟು ತೋರಿಸಬಹುದು. ಹೊಟ್ಟೆಯೊಳಗಿನ ಮಾತ್ರೆಗೆ ಅದು ತಿಳಿಯುವುದಿಲ್ಲ. ಅದು ತನ್ನ ಪಾಡಿಗೆ ಕೆಲಸ ಶುರುಮಾಡಿತು.

ಹನ್ನೊಂದರ ಹೊತ್ತಿಗೆ ಅಂಗಡಿಯಲ್ಲಿ ಕೀ ಉಜ್ಜುವ ಅರ ಹಿಡಿದಿದ್ದ ಅವನ ಕೈ ನಡುಗತೊಡಗಿತು. ಅಂಗಿ ಬೆವರಿನಿಂದ ಒದ್ದೆಯಾಯಿತು. ರಾಜಿ ಮಾಡಿಸಲೆಂದು ಬಂದು ಎದುರಿಗೆ ಕುಳಿತಿದ್ದ ಬೀಗರನ್ನು ಅವನು ಕೆಂಗಣ್ಣಿನಿಂದ ನೋಡಿದ.

"ಯಾರು ನೀವು?"

"ನಾನು... ನಿಮ್ಮ ಬೀಗ."

"ಬೀಗ ಆದ್ರೆ ಬೆಂಚಿನ ಮೇಲೆ ಏನು ಕೆಲಸ? ಹೋಗಿ ಮೊಳೆಗೆ ನೇತಾಡಿ."

ಇದು ಬರಿಯ ಸಿಟ್ಟಲ್ಲ ಎಂದು ಬೀಗರಿಗೆ ಹೊಳೆಯಿತು. ಒಳಗೆ ಓಡಿದರು. ಹೆಂಡತಿ ಬಂದು ಗಂಡನ ಬಿಳಿಚಿಕೊಂಡ ಮುಖ ನೋಡಿದವಳೇ ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

"ಎಚ್ಚರ ಇದೆಯಾ? ನುಂಗ್ತಾರಾ? ಹಾಗಾದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಈಗಲೇ ಕುಡಿಸಿ. ತಡ ಮಾಡಬೇಡಿ. ಆಮೇಲೆ ತಿನ್ನೋಕೆ ಕೊಟ್ಟು ಇಲ್ಲಿಗೆ ಕರ್ಕೊಂಡು ಬನ್ನಿ."

"ರೀ, ಕೀ ಎಲ್ಲಿ?"

ಬೀಗದಣ್ಣ ಬೆರಳೆತ್ತಿ ಗೋಡೆ ತೋರಿಸಿದ.

"ಯಾವುದು?"

"ಹಿತ್ತಾಳೇದು."

ಮುನ್ನೂರಾದರೂ ಹಿತ್ತಾಳೆಯವೇ ಇದ್ದವು. ಪಕ್ಕದ ಮನೆಯಲ್ಲಿ ಸಕ್ಕರೆ ಕೇಳೋಣವೆಂದರೆ ಅಲ್ಲಿಗೆ ಬೀಗ ಬಿದ್ದಿತ್ತು. ಅದೂ ಬೀಗದಣ್ಣ ಮಾಡಿಕೊಟ್ಟದ್ದೇ. ಬೀಗರು ಧೈರ್ಯಗೆಡದೆ ಮೊದಲ ಸಾಲಿನ ಎಡತುದಿಯಿಂದ ಒಂದೊಂದೇ ಕೀ ತೆಗೆದು, ಅಡುಗೆಮನೆಗೆ ಹೋಗಿ ಹಾಕಿ ನೋಡಿ, ಮತ್ತೆ ಅದೇ ಮೊಳೆಗೆ ಸಿಕ್ಕಿಸತೊಡಗಿದರು.

ಹೆಂಡತಿ ಕಾಯಲಿಲ್ಲ. ಅಂಗಡಿಯ ದೊಡ್ಡ ಸುತ್ತಿಗೆ ಎತ್ತಿಕೊಂಡಳು. ಬೀರುವನ್ನು ಗೋಡೆಯಿಂದ ಈಚೆ ಎಳೆದಳು. ಏಳು ಲಿವರಿನ ಬೀಗ ಮುಂದಿನ ಬಾಗಿಲನ್ನು ಪ್ರಾಣಕ್ಕೆ ಪ್ರಾಣ ಕೊಟ್ಟು ಕಾಯುತ್ತಿತ್ತು; ಬೀರುವಿನ ಬೆನ್ನಿಗಿದ್ದದ್ದು ಬೆರಳ ದಪ್ಪವೂ ಇಲ್ಲದ ಪ್ಲೈವುಡ್. ಮೊದಲ ಏಟು ಸಕ್ಕರೆಯಿಲ್ಲದ ಟೀಗೆ. ಎರಡನೆಯದು ತಳ್ಳಿದ ತಟ್ಟೆಗೆ. ಮೂರನೆಯದು ಬರೀ ಭಯಕ್ಕೆ; ಕಣ್ಣು ತುಂಬಿತ್ತು. ಅದೇ ಏಟಿಗೆ ಹಲಗೆ ಸೀಳಿ, ಸಕ್ಕರೆ ಡಬ್ಬಿ ಉರುಳಿ ಅವಳ ಕಾಲಬುಡಕ್ಕೆ ಬಂತು.

ಸಕ್ಕರೆ ನೀರು ಕುಡಿದ ಕಾಲು ಗಂಟೆಯಲ್ಲಿ ಬೀಗದಣ್ಣನ ಮುಖಕ್ಕೆ ಕಳೆ ಬಂತು. ಬೀಗರು ಆಗ ಇಪ್ಪತ್ತಮೂರನೆಯ ಕೀಯಲ್ಲಿದ್ದರು.

"ಬೀಗ ಮುರಿದೆಯಾ?" ಎಂದ ಅವನು ಕ್ಷೀಣ ದನಿಯಲ್ಲಿ.

"ಬೀಗ ಗಟ್ಟಿಯಾಗಿದೆ. ಬೀರು ಇಲ್ಲ, ಅಷ್ಟೇ," ಎಂದು ಹೇಳಿ ಹೆಂಡತಿ ಮೂಗು ಒರೆಸಿಕೊಂಡಳು.

ಡಾಕ್ಟರಮ್ಮ ಚೆನ್ನಾಗಿ ಉಗಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಸಕ್ಕರೆ ಇಳಿದಾಗ ಕಾರಣವಿಲ್ಲದೆ ಸಿಟ್ಟು ಬರೋದೂ ಒಂದು ಲಕ್ಷಣ. ಇವರಿಗೆ ಯಾವಾಗಿಂದ ಹೀಗಾಗ್ತಿದೆ?"

"ಮದುವೆಯಾದ ಮಾರನೇ ದಿನದಿಂದ," ಎಂದಳು ಹೆಂಡತಿ.

ಅಂದಿನಿಂದ ಬೀಗದಣ್ಣ ಹೊತ್ತಿಗೆ ಸರಿಯಾಗಿ ತಿನ್ನುತ್ತಾನೆ. ಸಿಹಿ ಎಷ್ಟು, ಯಾವಾಗ ಎಂಬುದು ಹೆಂಡತಿಯ ಲೆಕ್ಕ. ಕಾಯಿಲೆಯ ಜೊತೆ ಬಂದಿದ್ದ ಅಂಗಾಲಿನ ಜೋಮು ಹೋಗಿದೆ, ಕಣ್ಣಿನ ಮಂಜು ಸರಿದಿದೆ. ಹಾಳಾದದ್ದು ಒಂದೇ: ಅವನ ಸಿಟ್ಟಿನ ಮರ್ಯಾದೆ.

ಮೊನ್ನೆ ಒಬ್ಬ ಗಿರಾಕಿ, ಹೊಸ ಬೀಗದೊಳಗೆ ಕೀ ಮುರಿದುಕೊಂಡು ಬಂದು, ಬೀಗವೇ ಸರಿಯಿಲ್ಲ ಎಂದುಬಿಟ್ಟ. ಬೀಗದಣ್ಣ ಎದ್ದು ನಿಂತು ಗುಡುಗತೊಡಗಿದ. ಎರಡನೆಯ ವಾಕ್ಯಕ್ಕೆ ಹೆಂಡತಿ ಸಕ್ಕರೆ ನೋಡುವ ಮೆಷಿನ್ ಹಿಡಿದು ಒಳಗಿನಿಂದ ಬಂದಳು.

"ಬೆರಳು ಕೊಡಿ."

"ಇದು ನಿಜವಾದ ಸಿಟ್ಟು ಕಣೇ."

"ಅದನ್ನ ಮೆಷಿನ್ ಹೇಳಲಿ."

ಸೂಜಿ ಚುಚ್ಚಿದ್ದಾಯಿತು. ಗಿರಾಕಿಯೂ ಬಗ್ಗಿ ನೋಡಿದ. ನೂರಾಹನ್ನೆರಡು.

"ನೋಡು," ಎಂದ ಬೀಗದಣ್ಣ, ಎದೆಯುಬ್ಬಿಸಿ. "ಕಾಯಿಲೆ ಅಲ್ಲ. ಅಪ್ಪಟ ಸಿಟ್ಟು."

"ಸರಿ, ಈಗ ಧಾರಾಳವಾಗಿ ಬೈಯಿರಿ."

ಬೀಗದಣ್ಣ ಗಿರಾಕಿಯ ಕಡೆ ತಿರುಗಿ ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಇತ್ತು. ಗೋಡೆಯ ಕಡೆ ನೋಡಿದ, ಸೂರಿನ ಕಡೆ ನೋಡಿದ. ಕೊನೆಗೆ ದನಿ ತಗ್ಗಿಸಿ ಕೇಳಿದ:

"ನಾನು ಏನು ಹೇಳ್ತಿದ್ದೆ?"

"ಬೈತಾ ಇದ್ರಿ ಸಾರ್," ಎಂದು ಗಿರಾಕಿ ವಿನಯದಿಂದ ನೆನಪಿಸಿದ.