ಮಾಡಿನ ಹಂಚಿನಲ್ಲಿ ಒಂದು ವಾಕ್ಯ

ಮಾತನಾಡಲು ಬರುವವರಿಗೆಲ್ಲ ವಾಕ್ಯ ಬರೆಯಲೂ ಬರುತ್ತದೆ ಎಂದು ನಂಬಿರುವವರು ಬಲ್ಮಠದ ನಮ್ಮ ಹೈಸ್ಕೂಲಿಗೆ ಬಂದು ನಾಲ್ಕನೆಯ ಫಾರಮಿನ ಕನ್ನಡ ಕಾಂಪೊಸಿಷನ್ ತಿದ್ದಬೇಕು. ನಾನೂ ಹಾಗೆ ನಂಬಿಯೇ ಈ ಕೆಲಸಕ್ಕೆ ಸೇರಿದವನು. ನಮ್ಮ ಹುಡುಗರು ಬಾಯಿಲ್ಲದವರಲ್ಲ. ಮನೆಯಲ್ಲಿ ಒಬ್ಬನಿಗೆ ತುಳು, ಒಬ್ಬನಿಗೆ ಕೊಂಕಣಿ, ಇನ್ನೊಬ್ಬನಿಗೆ ಬ್ಯಾರಿ ಮಾತು. ಆ ಭಾಷೆಗಳಲ್ಲಿ ಅವರು ಜಗಳವಾಡುವಾಗ ಒಂದು ಪದವೂ ಜಾಗ ತಪ್ಪುವುದಿಲ್ಲ. ಕನ್ನಡ ಮಾತ್ರ ಅವರಿಗೆ ಹಬ್ಬದ ದಿನ ತೊಡುವ ಅಂಗಿಯ ಹಾಗೆ. ತೊಟ್ಟ ಕೂಡಲೇ ಕೈಕಾಲು ಆಡಿಸುವುದೇ ಮರೆತುಹೋಗುತ್ತದೆ. ‘ನಾನು ಕಂಡ ಹಡಗು’ ಎಂದು ಬರೆಯಲು ಕೊಟ್ಟರೆ, ಒಬ್ಬನ ವಾಕ್ಯ ಬಂದರಿನಿಂದ ಹೊರಟು, ದಾರಿಯಲ್ಲಿ ಎಲ್ಲೂ ನಿಲ್ಲದೆ, ಕೂಳೂರಿನ ಅಜ್ಜಿಯ ಮನೆಯಲ್ಲಿ ಊಟ ಮುಗಿಸಿತು. ಹಡಗು ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನು ಓದಿ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆಗ ನನ್ನದು ಹಂಗಾಮಿ ಕೆಲಸ. ಮಳೆಗಾಲದಲ್ಲಿ ಇನ್‌ಸ್ಪೆಕ್ಟರು ಬರುವವರಿದ್ದರು. ಅವರು ನನ್ನ ವಾಕ್ಯರಚನೆಯ ಪಾಠ ನೋಡಿ ಒಪ್ಪಿದರೆ ಖಾಯಂ, ಇಲ್ಲದಿದ್ದರೆ ಬೇರೆ ಊರು ನೋಡಿಕೊಳ್ಳಬೇಕಾದೀತು ಎಂದು ಹೆಡ್‌ಮಾಸ್ಟರರು ಬಹಳ ಮರ್ಯಾದೆಯಿಂದಲೇ ತಿಳಿಸಿದ್ದರು. ಬಜಪೆಯ ನಮ್ಮ ಮಾವನವರಿಗೆ ಅಷ್ಟು ಮರ್ಯಾದೆಯೂ ಇರಲಿಲ್ಲ. ಮನೆಗೆ ಬಂದಾಗಲೆಲ್ಲ ಕಾಲು ತೊಳೆಯುವ ಮೊದಲೇ, ಅಳಿಯನ ಕೆಲಸ ಗಟ್ಟಿಯಾಯಿತಾ ಎಂದು ಮಗಳನ್ನು ಕೇಳುತ್ತಿದ್ದರು. ಕೇಳುವುದು ಮಗಳ ಹತ್ತಿರವಾದರೂ ದನಿ ಮಾತ್ರ ಜಗಲಿಯಲ್ಲಿ ಕುಳಿತ ನನಗೆ ಅಳತೆ ಮಾಡಿದಂತಿರುತ್ತಿತ್ತು.

ಇಂಥ ಸಂಕಟದಲ್ಲಿ ನನಗೆ ಹೊಳೆದದ್ದು ಹಂಚು. ಪದಗಳನ್ನು ಬಿಡಿಬಿಡಿಯಾಗಿ ಬರೆದು ಹುಡುಗರಿಂದ ಜೋಡಣೆ ಮಾಡಿಸಿದರೆ ಹೇಗೆ ಎಂದು ರಟ್ಟು ಕೇಳಿದ್ದೆ. ಶಾಲೆಯಲ್ಲಿ ರಟ್ಟು ಇರಲಿಲ್ಲ. ಬೆಂಗರೆಯ ಸಂಜೀವನೆಂಬ ನನ್ನ ವಿದ್ಯಾರ್ಥಿಯ ಮನೆಯವರೆಲ್ಲ ಕಡಲಿಗೆ ಹೋಗುವವರು. ಮಾವನೊಬ್ಬ ಮಾತ್ರ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿದ್ದ. ಸುಡುವಾಗ ತುಸು ಸೊಟ್ಟಗಾಗಿ ಮಾರಾಟಕ್ಕೆ ಬಾರದ ಹಂಚುಗಳನ್ನು ಅವನು ಕಳಿಸಿಕೊಟ್ಟ. ನಾನು ಒಂದೊಂದರ ಒಳಮೈಯಲ್ಲಿ ಸುಣ್ಣದಿಂದ ಒಂದೊಂದು ಪದ ಬರೆದೆ. ಹುಡುಗರು ಅವನ್ನು ಹೊತ್ತು ತಂದು ಗೋಡೆಗೆ ಸಾಲಾಗಿ ಒರಗಿಸಿ ವಾಕ್ಯ ಮಾಡಬೇಕು. ಪೆನ್ಸಿಲಿನಲ್ಲಿ ಬರೆದ ಪದಕ್ಕೆ ಭಾರವಿಲ್ಲ, ಎಲ್ಲಿ ಬೇಕಾದರೂ ಎಸೆಯಬಹುದು. ಹಂಚನ್ನು ಎರಡು ಸಲ ಹೊರಲು ಯಾರಿಗೂ ಮನಸ್ಸಿಲ್ಲ. ಇಡುವ ಮೊದಲು ಯೋಚಿಸತೊಡಗಿದರು. ತಿಂಗಳು ಕಳೆಯುವುದರೊಳಗೆ ನನ್ನ ಹುಡುಗರ ವಾಕ್ಯಗಳು ಹೋಗಬೇಕಾದ ಕಡೆಗೇ ಹೋಗಿ ತಲುಪುತ್ತಿದ್ದವು. ಹೆಡ್‌ಮಾಸ್ಟರರು ಊರೆಲ್ಲ ಹೇಳಿಕೊಂಡು ಬಂದರು. ನಾನೂ ಸ್ವಲ್ಪ ಎದೆಯುಬ್ಬಿಸಿ ನಡೆದೆನೆಂದು ಕಾಣುತ್ತದೆ, ಹೆಂಡತಿ ಒಮ್ಮೆ ಬೆನ್ನು ನೋವೇ ಎಂದು ಕೇಳಿದಳು.

ಇನ್‌ಸ್ಪೆಕ್ಟರು ಬರುವ ದಿನ ಬೆಳಿಗ್ಗೆ, ಗಾಳಿಮಳೆಯಲ್ಲಿ ಅರ್ಧ ನೆನೆದು ತರಗತಿಗೆ ಬಂದು ನೋಡುತ್ತೇನೆ, ಮೂಲೆಯಲ್ಲಿ ಪೇರಿಸಿಟ್ಟಿದ್ದ ಹಂಚುಗಳಿಲ್ಲ. ಪ್ಯೂನ್ ದೂಮಪ್ಪ ತಲೆಗೆ ಸುತ್ತಿದ್ದ ಬೈರಾಸಿನಿಂದ ಕೈ ಒರೆಸಿಕೊಳ್ಳುತ್ತ ಏಣಿಯಿಂದ ಇಳಿಯುತ್ತಿದ್ದ.

“ಗಾಳಿಗೆ ಹಂಚು ಹಾರಿ ಹೋಗಿದೆ ಮಾಷ್ಟ್ರೆ. ಇನ್‌ಸ್ಪೆಕ್ಟ್ರ ಕುರ್ಚಿಗೇ ಸರಿಯಾಗಿ ಸೋರ್ತಾ ಇತ್ತು. ಇಲ್ಲಿ ಹಂಚು ಇತ್ತಲ್ಲ, ಹಾಕಿಬಿಟ್ಟೆ.”

“ಅದರಲ್ಲಿ ನನ್ನ ಪಾಠ ಉಂಟಲ್ಲ ಮಾರಾಯ.”

“ಎಂತ ಪಾಠ? ಈಗ ನೀರು ಬೀಳುವುದಿಲ್ಲ, ನೋಡಿ.”

ನೀರು ಬೀಳುತ್ತಿರಲಿಲ್ಲ, ನಿಜ. ನನ್ನ ಹಣೆಯಿಂದ ಮಾತ್ರ ಇಳಿಯುತ್ತಿತ್ತು. ಹಂಚು ತೆಗೆಸೋಣವೆಂದರೆ ಗೇಟಿನಲ್ಲಿ ಆಗಲೇ ಜಟಕಾ ನಿಂತಿತ್ತು. ಇನ್‌ಸ್ಪೆಕ್ಟರು ಬಂದು ಆ ಒಣ ಕುರ್ಚಿಯಲ್ಲಿ ಕುಳಿತು, ಎಲ್ಲಿ ನಿಮ್ಮ ಪ್ರಸಿದ್ಧವಾದ ಹಂಚುಗಳು ಎಂದು ಕೇಳಿದರು. ಹುಡುಗರಿಗೆ ಕಲಿಸಿದ ವಾಕ್ಯರಚನೆಯೆಲ್ಲ ಆ ಕ್ಷಣ ನನ್ನ ತಲೆಯಿಂದಲೇ ಇಳಿದುಹೋಯಿತು. ‘ಹಂಚು... ಮಳೆ... ದೂಮಪ್ಪ...’ ಎಂದೇನೋ ತೊದಲಿದೆ. ಹೆಡ್‌ಮಾಸ್ಟರರು ಕಿಟಕಿಯ ಹೊರಗೆ ನೋಡತೊಡಗಿದರು. ಬೇರೆ ಊರು ನೋಡಿಕೊಳ್ಳಿ ಎಂದು ಅವರು ಹೇಳಿದ್ದು ಆ ಕಡೆಗಿರಬಹುದೇ ಎಂದು ನನಗೆ ಭಯವಾಯಿತು.

ಆಗ ಸಂಜೀವ ಎದ್ದು ನಿಂತು, “ಮೇಲೆ ಉಂಟು ಸರ್” ಎಂದ.

ಎಲ್ಲರೂ ಕತ್ತೆತ್ತಿದೆವು. ಮಾಡಿನ ಒಳಮೈಯಲ್ಲಿ, ಮರದ ರೀಪುಗಳ ನಡುವೆ, ಬಿಳಿ ಅಕ್ಷರಗಳು ಸಾಲಾಗಿ ಕುಳಿತಿದ್ದವು: ‘ಹಿಡಿದನು ದೊಡ್ಡ ಅಜ್ಜನು ಮೀನನ್ನು ಬಲೆಯಲ್ಲಿ’. ದೂಮಪ್ಪನ ಗಮನವೆಲ್ಲ ಸೋರಿಕೆಯ ಮೇಲಿತ್ತೇ ಹೊರತು ಅರ್ಥದ ಮೇಲಿರಲಿಲ್ಲ. ಇನ್‌ಸ್ಪೆಕ್ಟರು ಕನ್ನಡಕ ಸರಿಮಾಡಿಕೊಂಡು ಓದಿ, ಇದನ್ನು ಯಾರು ಸರಿಪಡಿಸುತ್ತೀರಿ ಎಂದರು. ಅರ್ಧ ತರಗತಿ ಕೈಯೆತ್ತಿತು. ಸಂಜೀವ ನಿಂತೇ ಇದ್ದನಲ್ಲ, ತಡವರಿಸದೆ, “ಅಜ್ಜನು ಬಲೆಯಲ್ಲಿ ದೊಡ್ಡ ಮೀನನ್ನು ಹಿಡಿದನು” ಎಂದ. ‘ದೊಡ್ಡ’ ಎಂಬುದನ್ನು ಅಜ್ಜನ ಹತ್ತಿರವೇ ಯಾಕೆ ಬಿಡಲಿಲ್ಲ ಎಂದು ಅವರು ಕೆಣಕಿದರು.

“ನಮ್ಮಜ್ಜ ಸಣ್ಣ ಆಳು ಸರ್. ಮೀನೇ ದೊಡ್ಡದು.”

ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮತ್ತೆ ನಾಲ್ಕಾರು ಹುಡುಗರನ್ನು ಎಬ್ಬಿಸಿ ಕೇಳಿದರು. ಒಬ್ಬನೂ ದಾರಿ ತಪ್ಪಲಿಲ್ಲ. ಕರಿಹಲಗೆಯನ್ನು ನೋಡದೆ ಮಾಡು ನೋಡುತ್ತ ಕೂರುವ ಹುಡುಗರಿಗೂ ಪಾಠ ಸಿಗುವ ಹಾಗೆ ಮಾಡಿದ್ದೀರಿ, ಇಂಥ ಯೋಜನೆಯನ್ನು ನಾನು ಎಲ್ಲೂ ಕಂಡಿಲ್ಲ ಎಂದು ನನ್ನ ಬೆನ್ನು ತಟ್ಟಿದರು. ನಿಜ ಹೇಳಲು ನಾನು ಬಾಯಿ ತೆರೆದೆ. ಹೆಡ್‌ಮಾಸ್ಟರರು ಕೆಮ್ಮಿದರು. ತೆರೆದ ಬಾಯಿಯಿಂದ ಒಂದು ನಿಟ್ಟುಸಿರು ಬಿಟ್ಟು ಮುಚ್ಚಿಕೊಂಡೆ. ಹೋದ ಜೀವ ಬಂದಂತಾಗಿತ್ತು. ಮುಂದಿನ ವಾರ ಕೆಲಸ ಖಾಯಂ ಆಯಿತು. ಮಾವನವರು ಬಂದು ಮೊದಲ ಸಲ ಕಾಲು ತೊಳೆದೇ ಒಳಗೆ ಬಂದರು, ನನ್ನನ್ನೇ ನೇರವಾಗಿ ಮಾತನಾಡಿಸಿದರು. ಅಂದು ಬಂದಂಥ ನಿದ್ದೆ ನನಗೆ ಮದುವೆಯಾದ ಮೇಲೆ ಎಂದೂ ಬಂದಿರಲಿಲ್ಲ.

ಇನ್‌ಸ್ಪೆಕ್ಟರು ಹೋಗುವಾಗ ಈ ಮಾಡನ್ನು ಹೀಗೆಯೇ ಕಾಪಾಡಿಕೊಂಡು ಬನ್ನಿ ಎಂದಿದ್ದರು. ದೂಮಪ್ಪ ಅದನ್ನು ಕೇಳಿಸಿಕೊಂಡಿದ್ದಾನೆ. ಸೊಟ್ಟ ಹಂಚುಗಳು ಒಂದು ಮಳೆಗೆ ತಡೆದವು, ಎರಡನೆಯದಕ್ಕೆ ತಡೆಯಲಿಲ್ಲ. ಬದಲಾಯಿಸು ಎಂದು ಎಷ್ಟು ಗೋಗರೆದರೂ, ದೊಡ್ಡವರು ಮೆಚ್ಚಿದ ಪಾಠವನ್ನು ತಾನು ಮುಟ್ಟುವುದಿಲ್ಲ ಎನ್ನುತ್ತಾನೆ. ಅದು ಸೋರುವುದು ಈಗಲೂ ಆ ಕುರ್ಚಿಯ ಮೇಲೆಯೇ, ಮತ್ತು ಇನ್‌ಸ್ಪೆಕ್ಟರು ಬಾರದ ದಿನಗಳಲ್ಲಿ ಅದರಲ್ಲಿ ಕೂರುವವನು ನಾನು. ಹಾಗಾಗಿ ಆಷಾಢದಲ್ಲಿ ನಮ್ಮ ಶಾಲೆಯ ಕಡೆ ಬಂದವರು, ತರಗತಿಯೊಳಗೆ ಕೊಡೆ ಬಿಡಿಸಿಕೊಂಡು ವಾಕ್ಯರಚನೆ ಕಲಿಸುವ ಮಾಷ್ಟ್ರನ್ನು ಕಂಡರೆ ಗಾಬರಿಯಾಗಬಾರದು. ಅವನು ಖಾಯಂ ಆದವನು.