ಬೋಜಪ್ಪನ ಗಾಡಿಗೆ ಹೊಸ ಶ್ಯಾಕಲ್

ನನ್ನ ಹೆಂಡತಿ ಸರ್ವಮಂಗಳೆಗೆ ಸತ್ತವರ ಮೇಲೆ ಕೋಪವಿಲ್ಲ. ಅವರು ಬಿಟ್ಟುಹೋದ ಸಾಮಾನಿನ ಮೇಲೆ ಇದೆ. ಸುಂಟಿಕೊಪ್ಪದ ನಮ್ಮ ಮನೆಯ ಅಂಗಳದಲ್ಲಿ, ಅವಳು ಕಾಳುಮೆಣಸು ಹರವುವ ಜಾಗದಲ್ಲೇ, ನನ್ನ ಗೆಳೆಯ ಬೋಜಪ್ಪನ ಪಿಕಪ್ ಗಾಡಿ ಮೂರು ತಿಂಗಳಿಂದ ಸೊಂಟ ಉಳುಕಿದ ಮುದುಕನಂತೆ ಒಂದು ಕಡೆಗೆ ವಾಲಿಕೊಂಡು ನಿಂತಿತ್ತು.

ಬೋಜಪ್ಪ ಚೆಟ್ಟಳ್ಳಿಯವನು. ಹನ್ನೊಂದು ವರ್ಷ ಅವನ ಕಾಫಿಯೂ ನನ್ನ ಏಲಕ್ಕಿಯೂ ಅದೇ ಗಾಡಿಯಲ್ಲಿ ಮಡಿಕೇರಿ ಕಂಡವು. ಕೊನೆಯ ಸಲ ಬಂದಾಗ ನಮ್ಮ ಅಂಗಳ ಹೊಕ್ಕ ಕೂಡಲೇ ಗಾಡಿಯ ಹಿಂಭಾಗದಲ್ಲಿ ಟಪ್ಪೆಂದು ಸದ್ದಾಯಿತು. ಅವನು ಇಳಿದು, ಬಗ್ಗಿ ನೋಡಿ, "ಶ್ಯಾಕಲ್ ಹೋಯ್ತು ಜಯಪ್ಪ. ತುಕ್ಕು ತಿಂದು ಹಪ್ಪಳ ಆಗಿದೆ. ಬರೋ ವಾರ ಬಂದು ಹಾಕ್ತೀನಿ" ಎಂದು ಬಸ್ಸು ಹತ್ತಿದ. ನಾಲ್ಕನೆಯ ದಿನ ಎದೆನೋವು ಬಂದು ಹೋಗಿಬಿಟ್ಟ. ನನಗೆ ಕೊಟ್ಟ ಮಾತಿಗೆ ಅವನು ತಪ್ಪಿದ್ದು ಅದೊಂದೇ ಸಲ.

ಹೋದ ಸೋಮವಾರ ಅವನ ಹೆಂಡತಿ ಪೂವಮ್ಮನವರಿಂದ ಕಾಗದ ಬಂತು. "ಜಯಪ್ಪಣ್ಣ, ಯುದ್ಧಕ್ಕೆ ಕಬ್ಬಿಣ ಬೇಕೆಂದು ಗುಜರಿಯವನು ಶುಕ್ರವಾರ ನಮ್ಮಲ್ಲಿಗೆ ಬರುತ್ತಾನೆ. ಗಾಡಿ ಅಷ್ಟರೊಳಗೆ ನನ್ನ ಅಂಗಳಕ್ಕೆ ಬಂದರೆ ಇರಲಿ. ಬರದಿದ್ದರೆ ಅವನೇ ನಿಮ್ಮಲ್ಲಿಗೆ ಬಂದು ಬಿಚ್ಚಿಕೊಂಡು ಹೋಗಲಿ. ಅದು ಮುರಿದು ನಿಂತಿದೆ ಎಂದು ನೆನೆದರೆ ನನಗೆ ನಿದ್ದೆ ಬರುವುದಿಲ್ಲ."

ನಾನು ಕಾಗದ ಮಡಿಚಿ ಘೋಷಿಸಿದೆ: "ಮಂಗಳಾ, ಶ್ಯಾಕಲನ್ನು ನಾನೇ ಹಾಕುತ್ತೇನೆ."

"ನೀವಾ? ಹೋದ ವರ್ಷ ಕೊಡೆಯ ಕಡ್ಡಿ ಸರಿ ಮಾಡೋಕೆ ಹೋಗಿ ಎರಡು ಕೊಡೆ ಕೊಂಡ್ಕೊಂಡ್ ಬಂದೋರು ನೀವೇ ಅಲ್ವಾ?"

(ಆ ಕೊಡೆಯ ಬಟ್ಟೆಯೇ ಸರಿಯಿರಲಿಲ್ಲ. ಇರಲಿ.)

ಓದುಗರಿಗೆ ಈ ಮಹಾಯಂತ್ರದ ರಹಸ್ಯ ಹೇಳಿಬಿಡುತ್ತೇನೆ. ಗಾಡಿಯ ಭಾರ ಹೊರುವುದು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನು. ಆ ಕಮಾನಿನ ತುದಿಯನ್ನು ಗಾಡಿಯ ಮೈಗೆ ಕೂಡಿಸುವ ಗೇಣುದ್ದದ ಎರಡು ಕಬ್ಬಿಣದ ತುಂಡು, ಎರಡು ಬೋಲ್ಟು: ಇಷ್ಟೇ ಶ್ಯಾಕಲ್. ಯುದ್ಧದಿಂದಾಗಿ ಹೊಸದು ಮದರಾಸಿನಲ್ಲೂ ಇರಲಿಲ್ಲ. ಕಮ್ಮಾರ ಬೊಮ್ಮ ಹಳೆಯ ಎತ್ತಿನಗಾಡಿಯ ಚಕ್ರದ ಪಟ್ಟಿ ಕಾಯಿಸಿ ಎರಡೂ ಕಡೆಗೆ ಬಡಿದುಕೊಟ್ಟ.

ಮಂಗಳವಾರ, ಬುಧವಾರ ನಾನು ಗಾಡಿಯ ಕೆಳಗೆ ವಾಸವಿದ್ದೆ. ಹಳೆಯ ಬೋಲ್ಟಿಗೆ ಸೀಮೆಎಣ್ಣೆ ಕುಡಿಸಿದೆ, ಬಡಿದೆ, ಬೈದೆ. ಬೋಲ್ಟು ಬರಲಿಲ್ಲ, ತುಕ್ಕು ಮಾತ್ರ ಬಾಯಿಗೆ, ಮೂಗಿಗೆ ಧಾರಾಳವಾಗಿ ಬಂತು. ಕೊನೆಗೆ ಬೊಮ್ಮನೇ ಬಂದು ಗರಗಸ ಹಾಕಿ ಕೊಯ್ದ. "ಸಾವ್ಕಾರ್ರೆ, ನೀವು ಬೈದಿದ್ದು ಇದಕ್ಕೆ ಕೇಳಿಸ್ಲಿಲ್ಲ ಅಂತ ಕಾಣ್ತದೆ" ಎಂದ. ಗ್ರೀಸ್ ಸಿಗದೆ ಹರಳೆಣ್ಣೆ ಹಚ್ಚಿದೆ. (ಬೋಜಪ್ಪ ಹಚ್ಚುತ್ತಿದ್ದುದು ಹಂದಿಯ ಕೊಬ್ಬು. ಅದನ್ನು ನಮ್ಮಂಥ ಲಿಂಗವಂತರ ಅಂಗಳದಲ್ಲಿ ಬಾಯಿಬಿಟ್ಟು ಹೇಳುವಂತಿಲ್ಲ.)

ಗುರುವಾರ ಸಂಜೆ ಹೊಸ ಶ್ಯಾಕಲ್ ಕೂತವು. ಇನ್ನೆಂದೂ ಅಲುಗಬಾರದೆಂದು ನನ್ನ ಬಲವನ್ನೆಲ್ಲ ಹಾಕಿ ಬೋಲ್ಟು ಬಿಗಿದೆ. ಸರ್ವಮಂಗಳೆ ಬಂದು ಗಾಡಿಯ ಹಿಂಭಾಗವನ್ನು ಎರಡೂ ಕೈಯಿಂದ ಒತ್ತಿದಳು. ಗಾಡಿ ಕಲ್ಲುಬಂಡೆಯಂತೆ ಕೂತಿತ್ತು.

"ಇದು ಆಡಬೇಕಲ್ವೇನ್ರೀ?"

"ಆಡಿ ಆಡಿಯೇ ಹಳೇದು ಮುರೀತು. ಅದಕ್ಕೇ ಬಿಗಿದಿದ್ದೀನಿ."

"ಅಯ್ಯೋ, ತೊಟ್ಟಿಲ ಕೊಂಡೀನ ಯಾರಾದ್ರೂ ಬಿಗೀತಾರಾ? ಕೂಸು ಎಗರಿ ಬೀಳೋಲ್ವಾ? ಅರ್ಧ ಸುತ್ತು ಸಡಿಲ ಬಿಡಿ."

ನಾನು ಯಂತ್ರಶಾಸ್ತ್ರದ ಮೇಲೆ ಒಂದು ಪುಟ್ಟ ಉಪನ್ಯಾಸ ಕೊಟ್ಟೆ. ಅವಳು ಕೇಳಿದಳು. ಆಮೇಲೆ ನಾನು ಅರ್ಧ ಸುತ್ತು ಸಡಿಲ ಬಿಟ್ಟೆ. ಒತ್ತಿದರೆ ಗಾಡಿ ಮೆಲ್ಲಗೆ ತೂಗಿತು. ಮೂರು ತಿಂಗಳ ಮೇಲೆ ಆ ಗಾಡಿ ನೆಟ್ಟಗೆ ನಿಂತಿತ್ತು. ಸರ್ವಮಂಗಳೆ ಕೈತೊಳೆಯಲು ಸೀಗೆಪುಡಿ ತಂದಿಟ್ಟಳು.

ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಒಗೆದ ಕೋಟು ತೊಟ್ಟು ಗಾಡಿ ಹತ್ತಿದೆ. ಬಾಗಿಲು ಹಾಕಿಕೊಂಡೆ. ಕೂತೆ. ಸ್ವಲ್ಪ ಹೊತ್ತು ಕಳೆಯಿತು.

ಸರ್ವಮಂಗಳೆ ಕಿಟಕಿಯ ಹತ್ತಿರ ಬಂದಳು. "ರೀ, ಯಾರಿಗೆ ಕಾಯ್ತಾ ಇದ್ದೀರಿ?"

ಪಕ್ಕಕ್ಕೆ ನೋಡಿದೆ. ಬಲಗಡೆ ಸ್ಟಿಯರಿಂಗ್ ಚಕ್ರ. ಅದರ ಹಿಂದೆ ಯಾರೂ ಇಲ್ಲ. ಹನ್ನೊಂದು ವರ್ಷ ಕೂತ ಎಡಗಡೆಯ ಸೀಟಿನಲ್ಲೇ ನಾನು ಹೋಗಿ ಕೂತಿದ್ದೆ. ನನಗೆ ಗಾಡಿ ಬಿಡಲು ಬರುವುದಿಲ್ಲ. ಮೂರು ದಿನ ಬೋಲ್ಟು ಬಡಿಯುವಾಗ ಒಂದು ಸಲವೂ ಇದು ನನಗೆ ಹೊಳೆಯಲಿಲ್ಲ. ರಿಪೇರಿಯಾದರೆ ಅವನು ಬಂದು ಹತ್ತುತ್ತಾನೆ ಎಂದೇ ಒಳಗೊಳಗೆ ಲೆಕ್ಕ ಹಾಕಿದ್ದೆನೋ ಏನೋ.

ಈಗ ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. "ನಂಗೂ ಹೊಳೀಲಿಲ್ಲ ಕಣ್ರೀ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದ ಮನೆಯ ಗಂಗಣ್ಣನ ಎತ್ತುಗಳನ್ನು ಹೊಡೆಸಿಕೊಂಡು ಬಂದಳು.

ಹಾಗೆ ನಮ್ಮ ರಥಯಾತ್ರೆ ಹೊರಟಿತು. ಮುಂದೆ ಎತ್ತು, ಎತ್ತಿನ ಹಗ್ಗ ಹಿಡಿದು ಗಂಗಣ್ಣ, ಹಿಂದೆ ಮೋಟಾರು. ಚಕ್ರ ಹಿಡಿದವನು ನಾನು, ಪಕ್ಕದಲ್ಲಿ ಅಪ್ಪಣೆ ಕೊಡುವವಳು ಅವಳು. ಇಳಿಜಾರಿನಲ್ಲಿ ಗಾಡಿ ಎತ್ತುಗಳನ್ನು ಅಟ್ಟಿಸಿಕೊಂಡು ಹೋಯಿತು. "ಬ್ರೇಕ್ ತುಳೀರಿ!" ಎಂದು ಗಂಗಣ್ಣ ಕೂಗಿದ. ನಾನು ಹಾರನ್ ಒತ್ತಿದೆ. ಕೊನೆಗೆ ಕೈಬ್ರೇಕು ಎಳೆದದ್ದು ಸರ್ವಮಂಗಳೆ. ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಆಳುಗಳು ಕೆಲಸ ಬಿಟ್ಟು ಬೇಲಿಗೆ ಬಂದು ನಿಂತು ನೋಡಿದರು.

ಚೆಟ್ಟಳ್ಳಿ ಮುಟ್ಟಿದಾಗ ಮೂರು ಗಂಟೆ. ಗುಜರಿಯವನು ಜಗಲಿಯ ಕೆಳಗೆ ಕೂತಿದ್ದ. ಪೂವಮ್ಮನವರು ಮೆಟ್ಟಿಲ ಮೇಲೆ ನಿಂತು ಗಾಡಿ ನೋಡಿದರು, ಎತ್ತು ನೋಡಿದರು, ಚಕ್ರ ಹಿಡಿದು ಬೆವರುತ್ತಿದ್ದ ನನ್ನನ್ನು ನೋಡಿದರು. ತುಟಿ ನಡುಗಿತು. ಅಳುತ್ತಾರೆಂದು ನಾನು ಹೆದರಿದೆ. ಅವರು ಕಂಬ ಹಿಡಿದುಕೊಂಡು ನಕ್ಕರು.

"ನೀನು ಹೋಗಪ್ಪ, ಗಾಡಿ ಕೊಡುವುದಿಲ್ಲ" ಎಂದು ಗುಜರಿಯವನನ್ನು ಕಳಿಸಿ, ನನ್ನ ಕಡೆ ತಿರುಗಿದರು. "ಜಯಪ್ಪಣ್ಣ, ಒಂದ್ಸಲ ಗಾಡಿ ಕಲಿಸೋಕೆ ಅಂತ ನಿಮ್ಮ ಕೈಗೆ ಚಕ್ರ ಕೊಟ್ಟ ದಿನ ನಮ್ಮವರು ಮನೆಗೆ ಬಂದು ಏನು ಹೇಳಿದ್ರು ಗೊತ್ತುಂಟಾ? 'ಜಯಪ್ಪನಿಗೆ ಡ್ರೈವಿಂಗ್ ಕಲಿಸೋದಕ್ಕಿಂತ ಎತ್ತಿಗೆ ಕಲಿಸೋದು ಸುಲಭ' ಅಂದ್ರು."

ಸರ್ವಮಂಗಳೆ ನಕ್ಕಳು. ಗಂಗಣ್ಣ ನಕ್ಕ. ಎತ್ತುಗಳೂ ತಲೆಯಾಡಿಸಿದವು. ನನಗೆ ಮುಖ ಬಿಸಿಯಾಯಿತು. ಆದರೆ ಆ ಮಾತು ನಾನು ಕೇಳಿರಲಿಲ್ಲ. ಮೂರು ತಿಂಗಳಿಂದ ಅವನ ಹಳೆಯ ಮಾತುಗಳನ್ನೇ ನೆನೆದು ನೆನೆದು ಸವೆಸಿದ್ದೆ, ಇದು ಹೊಸದು.

ನಾನು ಗಾಡಿಯಿಂದಿಳಿದು ಕೇಳಿದೆ: "ಇನ್ನೇನಾದರೂ ಬೈದಿದ್ನಾ?"

"ಒಳಗೆ ಬನ್ನಿ, ಕಾಫಿ ಕುಡೀರಿ" ಎಂದರು ಪೂವಮ್ಮನವರು. "ಬಹಳ ಉಂಟು."