ಇಪ್ಪತ್ತು ಪ್ರಶ್ನೆ, ನಲವತ್ತು ಎಡಗಾಲು

ಒಂದು ಪುಸ್ತಕ ಓದಿ ಮುಗಿಸಿದ ವಾರವೇ ಯಾರಿಗಾದರೂ ತೊಂದರೆ ಕೊಡುವುದು ನನಗೆ ಅಭ್ಯಾಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಹಲಸೂರಿನಲ್ಲಿ ಯೂನಿಫಾರ್ಮ್ ಹೊಲಿಯುವ ಅಂಗಡಿ ಕಟ್ಟಿದವಳು ನಾನು. ಓದಿದ್ದೆಲ್ಲ ಫುಟ್‌ಪಾತಿನ ಪುಸ್ತಕ. ಅಚ್ಚಾದದ್ದೆಲ್ಲ ನಿಜ ಅನ್ನುವ ನಂಬಿಕೆ ಅಲ್ಲಿಂದ ಬಂದದ್ದು. ತೊಂಬತ್ತರ ದಶಕದ ಕೊನೆಯಲ್ಲಿ ನಡೆದ ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

೧. ನನ್ನ ಸ್ವಭಾವ

ರಸೆಲ್ ಮಾರುಕಟ್ಟೆಗೆ ತರಕಾರಿಗೆಂದು ಹೋದವಳು ಮನುಷ್ಯರ ಸ್ವಭಾವ ಅಳೆಯುವ ಪುಸ್ತಕ ತಂದೆ. ಇಪ್ಪತ್ತು ಪ್ರಶ್ನೆಗೆ ಹೌದು, ಇಲ್ಲ ಅಂತ ಗುರುತು ಹಾಕಿದರೆ, ನಾಲ್ಕು ಬಗೆಯ ಜನರಲ್ಲಿ ನೀವು ಯಾರೆಂದು ಅದು ಹೇಳುತ್ತದೆ. ನನಗೆ 'ಮುಂದಾಳು' ಅಂತ ಬಂತು. ಗಂಡನಿಗೆ ಓದಿ ಹೇಳಿದೆ: "ಇವರು ಬೇರೆಯವರ ಮಾತನ್ನು ತಾಳ್ಮೆಯಿಂದ ಕೇಳುತ್ತಾರೆ."

"ಅಲ್ಲ ಕಣೇ, ಮೊನ್ನೆ ನಾನು…"

"ನೀವು ಸುಮ್ನಿರಿ, ಓದ್ತಾ ಇದ್ದೀನಿ" ಅಂದೆ.

೨. ಅಂಗಡಿಯ ಸ್ವಭಾವ

ಪ್ರಶ್ನೆಗಳನ್ನು ಜೆರಾಕ್ಸ್ ಮಾಡಿಸಿ ಅಂಗಡಿಯಲ್ಲಿ ಹೊಲಿಯುವ ಆರು ಜನ ಹೆಂಗಸರಿಗೂ, ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರಿಗೂ ಹಂಚಿದೆ. ಹೆಂಗಸರು ಆರೂ ಜನ ಮುಂದಾಳುಗಳು! ಬೀಗಿಹೋದೆ. ಮಾಸ್ಟರ್ ಮಾತ್ರ 'ಹಿಂಜರಿಯುವವರು'. ಮೊದಲ ದಿನದಿಂದ ನನ್ನ ಜೊತೆ ಇದ್ದ ಹಿರಿಯರು. ಕನ್ನಡ ಓದಲು ಬಾರದ ಅವರಿಗೆ ಮಗಳು ಮನೆಯಲ್ಲಿ ಪ್ರಶ್ನೆ ಓದಿ ಹೇಳಿ, ಅವರು ಹೇಳಿದಂತೆ ಗುರುತು ಹಾಕಿದ್ದಳು. ತಕ್ಷಣ ನಿರ್ಧಾರ ಮಾಡುತ್ತೀರಾ? ಇಲ್ಲ. ಮಾಡಿದ್ದನ್ನು ಮತ್ತೆ ಮತ್ತೆ ನೋಡುತ್ತೀರಾ? ಹೌದು.

"ಇಂಥವರಿಗೆ ಜವಾಬ್ದಾರಿ ಕೊಡಬಾರದಂತೆ ಮಾಸ್ಟರೇ. ನೀವು ಗುಂಡಿ ಹಾಕಿ. ಕತ್ತರಿ ಆ ಅಂಚು ಹೊಲಿಯೋ ಓವರ್‌ಲಾಕ್ ಮಿಷನ್ನಿನ ಹುಡುಗಿ ಹಿಡೀಲಿ."

"ಅಮ್ಮಾ, ಬಟ್ಟೆ ಕತ್ತರಿಸೋನು ಹಿಂಜರೀಬೇಕು."

"ಪುಸ್ತಕದಲ್ಲಿ ಹಾಗಿಲ್ಲ" ಅಂದೆ.

ಅವರು ಕೊರಳಿನ ಟೇಪು ತೆಗೆದು, ಸುತ್ತಿ, ಸುರುಳಿ ಸರಿಯಿದೆಯೇ ಅಂತ ಇನ್ನೊಮ್ಮೆ ನೋಡಿ, ಮೇಜಿನ ಮೇಲಿಟ್ಟು ಹೊರಟುಹೋದರು. ಹೋಗುವಾಗಲೂ ಹಿಂಜರಿಕೆ ನೋಡಿ ಅಂತ ನಾನು ಎಲ್ಲರ ಮುಂದೆ ನಕ್ಕೆ.

೩. ಮುಂದಾಳುಗಳು

ಮಾಸ್ಟರ್ ಹೋದ ಹತ್ತನೇ ದಿನ ಶಾಲೆಯ ಪ್ಯಾಂಟುಗಳ ಬಟ್ಟೆ ಬಂತು. ಹುಡುಗಿ ಪದರ ಪದರವಾಗಿ ಹಾಸಿ, ಒಂದೇ ಏಟಿಗೆ ಕತ್ತರಿಸಿದಳು. ಮರುದಿನ ಜೋಡಿಸಲು ಕೂತರೆ, ಎಲ್ಲ ಪದರದ ಮುಖವೂ ಒಂದೇ ಕಡೆಗಿತ್ತು. ಮುಖಕ್ಕೆ ಮುಖ ಸೇರಿಸಿ ಹಾಸಿದ್ದರೆ ಎಡಕ್ಕೊಂದು ಬಲ ಸಿಗುತ್ತಿತ್ತು. ನಲವತ್ತು ಎಡಗಾಲು.

"ಬಲಗಾಲೆಲ್ಲಿ?"

"ತಕ್ಷಣ ನಿರ್ಧಾರ ಮಾಡ್ಬಿಟ್ಟೆ ಅಕ್ಕಾ!" ಅಂತ ಅಳತೊಡಗಿದಳು. "ನಾನು ಅಂಥವಳಲ್ಲ. ನೀವು ಗುರುತು ಹಾಕಿದ ಪೇಪರ್ ಡ್ರಾಯರಲ್ಲಿತ್ತಲ್ಲ, ಎಲ್ರೂ ಅದನ್ನೇ ನೋಡಿ ಬರೆದ್ವಿ. ತಪ್ಪು ಬರೆದು ಕೆಲಸ ಹೋದ್ರೆ?"

ಆರು ಜನ ಮುಂದಾಳುಗಳೆಂದು ನಾನು ಬೀಗಿದ್ದು ಆರು ಸಲ ನನ್ನನ್ನೇ ನೋಡಿ. ನಿಜ ಬರೆದವರು ಒಬ್ಬರೇ. ಅವರನ್ನು ಓಡಿಸಿದ್ದೆ.

೪. ಮರುಪರೀಕ್ಷೆ

ಅವತ್ತೇ ಶಿವಾಜಿನಗರದ ಮಾಸ್ಟರ್ ಮನೆಗೆ ಹೋದೆ. ಕ್ಷಮೆ ಕೇಳಿ ರೂಢಿಯಿಲ್ಲದ ನಾಲಿಗೆ. ಹೊಸ್ತಿಲಲ್ಲಿ ನಿಂತು, "ವಾಪಸ್ ಬನ್ನಿ ಮಾಸ್ಟರೇ, ತಪ್ಪಾಯ್ತು" ಅನ್ನುವಷ್ಟರಲ್ಲಿ ಬೆವರು ಬಂದಿತ್ತು.

"ಕೂತ್ಕೊಳ್ಳಿ" ಅಂದರು. ಮಗಳ ಕಡೆ ತಿರುಗಿ, "ಆ ಪೇಪರಿನ ಪ್ರಶ್ನೆ ಓದಮ್ಮ. ಈ ಸಲ ಅಮ್ಮನೋರಿಗೆ."

ಅವಳು ಓದಿದಳು: "ತಪ್ಪು ಮಾಡಿದರೆ ಬೇಗ ಒಪ್ಪಿಕೊಳ್ಳುತ್ತೀರಾ?"

"ಹೌದು" ಅಂದೆ. ಒಳಗೆ ಮಾಸ್ಟರ ಹೆಂಡತಿ ಕಿಸಕ್ಕನೆ ನಕ್ಕರು.

"ಎಷ್ಟು ದಿನ ಆಯ್ತಮ್ಮಾ?" ಮಾಸ್ಟರ್ ಕೇಳಿದರು.

"ಹನ್ನೊಂದು."

"ಇಲ್ಲ ಅಂತ ಬರಿ" ಅಂದರು ಮಗಳಿಗೆ.

ಇಪ್ಪತ್ತಕ್ಕೂ ನಾನು ಒಂದು ಹೇಳಿದೆ, ಅವರು ಇನ್ನೊಂದು ಬರೆಸಿದರು. ಅವರು ಬರೆಸಿದ್ದರಲ್ಲಿ ಒಂದೂ ಸುಳ್ಳಲ್ಲ. ಆ ಪರೀಕ್ಷೆಯನ್ನು ನಾನು ಇವತ್ತಿಗೂ ತಳ್ಳಿಹಾಕುವುದಿಲ್ಲ. ಉತ್ತರವನ್ನು ಮಾತ್ರ ನಮ್ಮನ್ನು ಸಹಿಸಿಕೊಂಡವರು ಬರೆಯಬೇಕು.

ಕೊನೆಗೆ ಮಾಸ್ಟರ್ ಎದ್ದರು. "ನಾಳೆ ಬರ್ತೀನಿ. ಬಲಗಾಲಿಗೆ ಬಟ್ಟೆ ಉಳಿದಿದೆಯಾ?"

"ಇದೆ!" ಅಂದೆ ತಕ್ಷಣ.

"ಹೋಗಿ ಎರಡು ಸಲ ನೋಡಿ, ಆಮೇಲೆ ಹೇಳಿ."

ಹೋಗಿ ಎರಡು ಸಲ ನೋಡಿದೆ. ಎರಡು ಸಲವೂ ಇರಲಿಲ್ಲ.